ಕ್ರೀಡಾ ವಿದ್ಯಾರ್ಥಿಗಳೂ ಮದ್ದಿನ ಪರೀಕ್ಷೆಯೂ

ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗೆ ಮೂರು ಅರ್ಥಗಳು ರೂಢವಾಗಿವೆ. ರೋಗವನ್ನು ಕಳೆಯುವ ಔಷಧವು ಮೊದಲನೆಯದು. ಕೋವಿಯಲ್ಲಿ ತುಂಬಿ ಸಿಡಿಸುವ ಪುಡಿಯು ಎರಡನೆಯದು. ಉಣ್ಣುವವನಿಗೆ ತಿಳಿಯದಂತೆ ಅನ್ನದಲ್ಲಿ ಬೆರೆಸಿ ಇಕ್ಕುವ ಕೈಮದ್ದು ಮೂರನೆಯದು. ವೃತ್ತಪತ್ರಿಕೆಗಳ ಕ್ರೀಡಾಪುಟದಲ್ಲಿ ಆಗಾಗ ಕಾಣಿಸಿಕೊಳ್ಳುವ ‘ಉದ್ದೀಪನ ಮದ್ದು’ ಎಂಬ ಪದದಲ್ಲಿ ಈ ಮೂರು ಅರ್ಥಗಳೂ ಒಟ್ಟುಗೂಡಿರುವುದು ಸೋಜಿಗದ ಸಂಗತಿಯಾಗಿದೆ. ಅದು ಔಷಧದ ಅಂಗಡಿಯಿಂದ ಬಂದುದು, ಮೈಯೊಳಗೆ ಸಿಡಿಯುವಂಥದು, ಎಷ್ಟೋ ವೇಳೆ ತಿನ್ನುವವನಿಗೇ ಅರಿವಿಲ್ಲದೆ ಹೊಟ್ಟೆಯನ್ನು ಸೇರುವಂಥದು. ಸಂಸ್ಕೃತ ಕನ್ನಡಗಳನ್ನು ಬೆಸೆದ ಅರಿಸಮಾಸವೆಂದು ವೈಯಾಕರಣರು ಮೂಗು ಮುರಿಯಬಹುದು, ಅದಿರಲಿ. ಪೂರ್ವಪದವನ್ನು ಆರಿಸಿದವರು ಮಾತ್ರ ಅಲಂಕಾರಶಾಸ್ತ್ರವನ್ನು ಬಲ್ಲವರೇ ಇರಬೇಕು. ಬೆಳದಿಂಗಳು, ತಂಗಾಳಿ, ಉಪವನ ಮೊದಲಾದ ಉದ್ದೀಪನ ವಿಭಾವಗಳು ಎದೆಯಲ್ಲಿ ಮೊದಲೇ ಇದ್ದ ಸ್ಥಾಯೀಭಾವವನ್ನು ಹೊತ್ತಿಸುತ್ತವೆಯೇ ಹೊರತು ಇಲ್ಲದುದನ್ನು ಹುಟ್ಟಿಸಲಾರವು. ಇಂಗ್ಲಿಷಿನ ‘ಡೋಪ್’ ಎಂಬ ಶಬ್ದದ ವಂಶ ಇಷ್ಟು ದೊಡ್ಡದಲ್ಲ. ಅದು ಡಚ್ಚರ ಭಾಷೆಯಲ್ಲಿ ಅದ್ದಿಕೊಂಡು ತಿನ್ನುವ ಗೊಜ್ಜಿಗೆ ಇದ್ದ ಹೆಸರಿನಿಂದ ಬಂದುದೆಂದು ಕೋಶಕಾರರು ಹೇಳುತ್ತಾರೆ.

ಹಳಗನ್ನಡವನ್ನೂ ಛಂದಸ್ಸನ್ನೂ ಓದಿ ಓದಿಸಿದ ನನಗೂ ಓಟದ ಮೈದಾನಕ್ಕೂ ಇರುವ ನಂಟು, ವಾರ್ಷಿಕ ಕ್ರೀಡಾಕೂಟದ ಸಂಜೆ ಬಹುಮಾನ ಪಡೆದವರ ಹೆಸರುಗಳನ್ನು ತಪ್ಪಿಲ್ಲದೆ ಓದುವಷ್ಟಕ್ಕೆ ಸೀಮಿತವಾದುದು. ಅಂಥವನು ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ನಮ್ಮ ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದು, ಈಗ ಅಮೆರಿಕದಲ್ಲಿ ಇಂಜಿನಿಯರಾಗಿರುವ ಹಳೆಯ ಶಿಷ್ಯನೊಬ್ಬನು ಒಂದು ರಾತ್ರಿ ದೂರವಾಣಿಯಲ್ಲಿ ಮಾತನಾಡಿದನು. ಅವನ ಮಗಳು ಅಲ್ಲಿನ ಕಾಲೇಜೊಂದನ್ನು ಸೇರಿ ಓಟದ ತಂಡಕ್ಕೆ ಆಯ್ಕೆಯಾಗಿದ್ದಾಳೆ. ಮದ್ದಿನ ಪರೀಕ್ಷೆಗೆ ತಾನು ಸಮ್ಮತಿಸಿರುವೆನೆಂದು ಆಕೆ ಒಂದು ಪತ್ರಕ್ಕೆ ಸಹಿ ಮಾಡಬೇಕು. ಹದಿನೆಂಟು ತುಂಬದ ಕಾರಣ ತಂದೆಯೂ ಮಾಡಬೇಕು. ಅವನು ಕೇಳಿದ ಪ್ರಶ್ನೆ ಇದು: “ಗುರುಗಳೇ, ಕಾಗದದ ತಲೆಬರಹದಲ್ಲಿ ಒಪ್ಪಿಗೆ ಎಂದಿದೆ. ಸಹಿ ಮಾಡದಿದ್ದರೆ ಓಡುವಂತಿಲ್ಲ ಎಂಬ ನಿಯಮವೂ ಇದೆ. ಹೀಗಿರುವಾಗ ಇದನ್ನು ಒಪ್ಪಿಗೆ ಎನ್ನಬಹುದೇ? ಶಬ್ದಾರ್ಥವನ್ನು ಕಲಿಸಿದವರು ನೀವು, ನೀವೇ ಹೇಳಬೇಕು.”

ನನಗೆ ಕೂಡಲೇ ಉತ್ತರ ತೋಚಲಿಲ್ಲ. ಕೆಲವು ದಿನಗಳ ಅವಧಿಯನ್ನು ಬೇಡಿ, ಕಾನೂನು ಓದಿದ ಮತ್ತೊಬ್ಬ ಶಿಷ್ಯನನ್ನು ಹತ್ತಿರ ಕೂರಿಸಿಕೊಂಡು ತಿಳಿದುಕೊಂಡುದನ್ನು ಈ ಸಂಪುಟದ ವಾಚಕರ ಮುಂದೆ ಇಡುತ್ತಿದ್ದೇನೆ.

ಅಮೆರಿಕದಲ್ಲಿ ಕಾಲೇಜು ಕ್ರೀಡೆಯೆಂಬುದು ನಮ್ಮಲ್ಲಿಯಂತೆ ಪಾಠದ ನಡುವಣ ಬಿಡುವಿನ ವಿನೋದವಲ್ಲ. ಲಕ್ಷಾಂತರ ಜನ ಕಾಸು ಕೊಟ್ಟು ನೋಡುವ ಪಂದ್ಯಗಳು ಅಲ್ಲಿ ವಿಶ್ವವಿದ್ಯಾಲಯಗಳ ಹೆಸರಿನಲ್ಲಿ ನಡೆಯುತ್ತವೆ. ಆಟದ ಬಲದಿಂದಲೇ ವಿದ್ಯಾರ್ಥಿವೇತನ ಪಡೆದು ಓದುವವರು ಬಹಳ. ಇದನ್ನೆಲ್ಲ ನಿಯಂತ್ರಿಸುವುದು ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ, ಎನ್.ಸಿ.ಎ.ಎ. ಎಂಬುದು ಅದರ ರೂಢನಾಮ. 1906ರಲ್ಲಿ ಹುಟ್ಟಿದ ಈ ಸಂಘದಲ್ಲಿ ಸುಮಾರು 1,100 ವಿದ್ಯಾಸಂಸ್ಥೆಗಳಿವೆ. ಅದರ ಆಶ್ರಯದಲ್ಲಿ ಆಡುವ ವಿದ್ಯಾರ್ಥಿಗಳ ಸಂಖ್ಯೆ 5 ಲಕ್ಷವನ್ನು ಮೀರಿದೆ. ಇದು ಸರಕಾರದ ಇಲಾಖೆಯಲ್ಲ, ಖಾಸಗಿ ಸಂಘ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ವ್ಯಾಜ್ಯಗಳ ಕೀಲು ಅಲ್ಲಿಯೇ ಇದೆ.

ಮದ್ದು ಸೇವಿಸಬಾರದೆಂಬ ನಿಷೇಧವನ್ನು ಸಂಘವು 1973ರಲ್ಲಿಯೇ ಮಾಡಿತ್ತು. ಆದರೆ ಪರೀಕ್ಷೆಯಿಲ್ಲದ ನಿಷೇಧವು ಬೇಲಿಯಿಲ್ಲದ ಹೊಲದಂತೆ ಹದಿಮೂರು ವರ್ಷ ಉಳಿಯಿತು. 1986ರ ಜನವರಿಯಲ್ಲಿ ನಡೆದ ಸಮಾವೇಶದಲ್ಲಿ ಪರೀಕ್ಷೆಯ ನಿರ್ಣಯ ಸ್ವೀಕೃತವಾಗಿ, ಅದೇ ವರ್ಷದ ಶರತ್ಕಾಲದಿಂದ ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿಯೂ ಋತುವಿನ ಕೊನೆಯ ದೊಡ್ಡ ಫುಟ್‌ಬಾಲ್ ಪಂದ್ಯಗಳಲ್ಲಿಯೂ ಪರೀಕ್ಷೆ ಆರಂಭವಾಯಿತು. ಈ ಎರಡರ ನಡುವೆ, 1986ರ ಜೂನ್ 19ರಂದು, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ವೀರ ಲೆನ್ ಬಯಸ್ ಕೊಕೇನ್ ಸೇವನೆಯಿಂದ ಮಡಿದನು. ವಯಸ್ಸು 22. ವೃತ್ತಿ ತಂಡವಾದ ಬಾಸ್ಟನ್ ಸೆಲ್ಟಿಕ್ಸ್ ಅವನನ್ನು ಆರಿಸಿಕೊಂಡು ಎರಡೇ ದಿನಗಳಾಗಿದ್ದವು. ಆ ದೇಶವೇ ತಲ್ಲಣಿಸಿತು. ಪರೀಕ್ಷೆ ಬೇಕೇ ಬೇಡವೇ ಎಂದು ಚರ್ಚಿಸುತ್ತಿದ್ದ ಎಷ್ಟೋ ಕಾಲೇಜುಗಳ ಬಾಯಿ ಆ ಸಾವಿನಿಂದ ಕಟ್ಟಿತು. ಮರುವರ್ಷ ಜನವರಿಯ ಮೊದಲ ದಿನ ನಡೆದ ಆರೆಂಜ್ ಬೌಲ್ ಪಂದ್ಯದಲ್ಲಿ ಒಕ್ಲಹೋಮಾದ ಹೆಸರಾಂತ ಆಟಗಾರ ಬ್ರಯಾನ್ ಬಾಸ್ವರ್ತ್‌ಗೆ ಸ್ಟೆರಾಯ್ಡ್ ಕಾರಣದಿಂದ ಆಡಲು ಅವಕಾಶ ತಪ್ಪಿತು. ಹೊಸ ನಿಯಮಕ್ಕೆ ಹಲ್ಲುಗಳಿವೆ ಎಂಬುದು ಎಲ್ಲರಿಗೂ ತಿಳಿದದ್ದು ಅಂದು. 1990ರಿಂದ ಪಂದ್ಯದ ದಿನವಲ್ಲದೆ ವರ್ಷದ ಯಾವ ಕಾಲದಲ್ಲಾದರೂ ಕರೆಸಿ ಪರೀಕ್ಷಿಸುವ ಕ್ರಮವೂ ಬಂದಿತು.

ಪರೀಕ್ಷೆಯ ವಿಧಾನವನ್ನು ಹೇಳಲು ಲೇಖನಿ ಸ್ವಲ್ಪ ಸಂಕೋಚಪಡುತ್ತದೆ. ಆದರೆ ಅದನ್ನು ಹೇಳದೆ ವ್ಯಾಜ್ಯದ ಮರ್ಮವು ತಿಳಿಯದು. ಪರೀಕ್ಷೆಗೆ ಒಳಗಾಗುವುದು ಮೂತ್ರ. ವಿದ್ಯಾರ್ಥಿಯು ಅದನ್ನು ಕೊಡುವಾಗ ಅದೇ ಲಿಂಗದ ಅಧಿಕಾರಿಯೊಬ್ಬರು ಎದುರಿಗೆ ನಿಂತು ನೋಡುತ್ತಿರಬೇಕು. ಬೇರೆಯವರ ಮಾದರಿಯನ್ನು ಬಟ್ಟೆಯೊಳಗೆ ಅಡಗಿಸಿ ತಂದು ಸುರಿಯುವ ಚಾತುರ್ಯವನ್ನು ತಡೆಯಲು ಈ ಏರ್ಪಾಡು. ಮಾದರಿಯ ಸಾಂದ್ರತೆಯನ್ನು ಅಲ್ಲಿಯೇ ಅಳೆಯುತ್ತಾರೆ. ನೀರು ಹೆಚ್ಚು ಕುಡಿದು ತೆಳುವಾಗಿದ್ದರೆ ಅದು ಸಲ್ಲದು, ಸರಿಯಾದುದನ್ನು ಕೊಡುವವರೆಗೆ ವಿದ್ಯಾರ್ಥಿ ಅಲ್ಲಿಯೇ ಇರಬೇಕು. ಸಂದ ಮಾದರಿಯನ್ನು ‘ಎ’ ಮತ್ತು ‘ಬಿ’ ಎಂಬ ಎರಡು ಸೀಸೆಗಳಿಗೆ ಹಂಚಿ, ಹೆಸರಿಲ್ಲದೆ ಸಂಖ್ಯೆಯನ್ನು ಮಾತ್ರ ಬರೆದು, ಮುದ್ರೆಯೊತ್ತಿ ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ‘ಎ’ ಸೀಸೆಯಲ್ಲಿ ನಿಷಿದ್ಧ ವಸ್ತು ಕಂಡರೆ ವಿದ್ಯಾರ್ಥಿಗೆ ತಿಳಿಸಿ ‘ಬಿ’ ಸೀಸೆಯನ್ನು ಒಡೆಯುತ್ತಾರೆ. ಬೇಕಾದರೆ ಅವನ ಕಡೆಯವರೊಬ್ಬರು ಆಗ ಇರಬಹುದು. ಎರಡೂ ಒಂದೇ ಮಾತನ್ನು ಹೇಳಿದರೆ ಮಾತ್ರ ದೋಷ ಸಿದ್ಧವಾದಂತೆ. ಒಬ್ಬನನ್ನು ದೋಷಿಯೆನ್ನುವ ಮುನ್ನ ಎರಡು ಸಾಕ್ಷಿಗಳನ್ನು ಬೇಡುವ ಈ ಎಚ್ಚರವನ್ನು ನಾನು ಮೆಚ್ಚುತ್ತೇನೆ.

ನಿಷಿದ್ಧ ವಸ್ತುಗಳಲ್ಲಿ ಎರಡು ಜಾತಿಗಳನ್ನು ಮುಖ್ಯವಾಗಿ ಅರಿತರೆ ಸಾಕು. ಒಂದು ಆಂಫೆಟಮಿನ್ ಮೊದಲಾದ ಉತ್ತೇಜಕಗಳು. ಇವು ಇದ್ದ ಶಕ್ತಿಯನ್ನು ಕೆರಳಿಸಿ ದಣಿವನ್ನು ಮರೆಸುತ್ತವೆ. ಇವಕ್ಕೆ ಉದ್ದೀಪನವೆಂಬ ಹೆಸರು ಸಾರ್ಥಕ. ಎರಡನೆಯದು ಅನಬಾಲಿಕ್ ಸ್ಟೆರಾಯ್ಡುಗಳು. ಗಂಡಸರ ದೇಹದಲ್ಲಿ ಸಹಜವಾಗಿ ಹೆಚ್ಚು ಉತ್ಪತ್ತಿಯಾಗುವ ಟೆಸ್ಟೊಸ್ಟಿರೋನ್ ಎಂಬ ರಸವನ್ನು ವಿಜ್ಞಾನಿಗಳು 1935ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಅದರ ರೂಪಾಂತರವಾದ ಡಯನಬಾಲ್ ಗುಳಿಗೆ 1958ರಲ್ಲಿ ಅಮೆರಿಕದ ಪೇಟೆಗೆ ಬಂದಿತು. ಇವು ಕೆರಳಿಸುವುದಿಲ್ಲ, ಕಟ್ಟುತ್ತವೆ. ಅಭ್ಯಾಸದ ಜತೆಗೆ ಸೇರಿ ಇಲ್ಲದ ಮಾಂಸಖಂಡವನ್ನು ಬೆಳೆಸುತ್ತವೆ. ಆದುದರಿಂದ ಇವನ್ನು ಉದ್ದೀಪನವೆನ್ನದೆ ಚಯಕಾರಿ ಎಂದರೆ ಯುಕ್ತವಾದೀತು. ಕಟ್ಟುವುದು ಒಂದು ಕಡೆ, ಕೆಡಹುವುದು ಮತ್ತೊಂದು ಕಡೆ. ಯಕೃತ್ತು ಮತ್ತು ಹೃದಯಕ್ಕೆ ಹಾನಿ. ಹೆಣ್ಣುಮಕ್ಕಳಿಗೆ ಗಡಸು ಧ್ವನಿ ಬಂದರೆ ಮತ್ತೆ ಹಿಂದಿರುಗದು. ಎಳೆಯ ವಯಸ್ಸಿನಲ್ಲಿ ಸೇವಿಸಿದರೆ ಎಲುಬಿನ ಬೆಳವಣಿಗೆ ಅಕಾಲದಲ್ಲಿ ನಿಂತುಹೋಗುತ್ತದೆ. ಎತ್ತರವಾಗಿ ಬಲವಾಗಿ ಬೆಳೆಯಲೆಂದು ನುಂಗಿದ ಹುಡುಗ ಗಿಡ್ಡನಾಗಿಯೇ ಉಳಿಯಬಹುದು.

ಕಾಫಿಯ ವಿಷಯವನ್ನು ಹೇಳದಿದ್ದರೆ ನಮ್ಮ ಅಧ್ಯಾಪಕರ ಕೊಠಡಿಯವರು ನನ್ನನ್ನು ಕ್ಷಮಿಸಲಾರರು. ಕೆಫೀನ್ ಎನ್.ಸಿ.ಎ.ಎ. ಪಟ್ಟಿಯಲ್ಲಿದೆ. ಮೂತ್ರದ ಒಂದು ಮಿಲಿಲೀಟರಿನಲ್ಲಿ 15 ಮೈಕ್ರೊಗ್ರಾಮಿಗಿಂತ ಹೆಚ್ಚಿದ್ದರೆ ದೋಷ. ಪಂದ್ಯಕ್ಕೆ ಎರಡು ಮೂರು ಗಂಟೆ ಮೊದಲು ಆರರಿಂದ ಎಂಟು ಬಟ್ಟಲು ಕಾಫಿ ಕುಡಿದರೆ ಆ ಮಟ್ಟ ಮುಟ್ಟೀತೆಂಬ ಲೆಕ್ಕವಿದೆ. ಜಗತ್ತಿನ ಇತರ ಕ್ರೀಡೆಗಳನ್ನು ಆಳುವ ವಿಶ್ವ ಮದ್ದು ನಿಗ್ರಹ ಸಂಸ್ಥೆಯಾದರೋ, ಅಂದರೆ ‘ವಾಡಾ’, ಕೆಫೀನನ್ನು 2004ರಲ್ಲಿಯೇ ನಿಷಿದ್ಧ ಪಟ್ಟಿಯಿಂದ ಕೈಬಿಟ್ಟಿತು. ಗಾಂಜಾದ ವಿಷಯದಲ್ಲಿ ಎನ್.ಸಿ.ಎ.ಎ.ಯೇ ಮನಸ್ಸು ಬದಲಿಸಿತು. 2022ರಲ್ಲಿ ಮಿತಿಯನ್ನು ಸಡಿಲಿಸಿ, 2024ರ ಜೂನಿನಲ್ಲಿ ತನ್ನ ಪ್ರಥಮ ಶ್ರೇಣಿಯ ಕಾಲೇಜುಗಳ ನಿಷಿದ್ಧ ಪಟ್ಟಿಯಿಂದಲೇ ಅದನ್ನು ತೆಗೆದುಹಾಕಿತು. ಅದು ಆಟದಲ್ಲಿ ಯಾರಿಗೂ ಮೇಲುಗೈ ಕೊಡುವುದಿಲ್ಲ, ಅದರ ಚಟಕ್ಕೆ ಶಿಕ್ಷೆಗಿಂತ ಶಿಕ್ಷಣ ಮತ್ತು ಚಿಕಿತ್ಸೆ ಬೇಕು ಎಂಬುದು ಅವರ ವಾದ. ಗಾಂಜಾ ಸೇದುವುದನ್ನು ನಾನು ಒಪ್ಪುವವನಲ್ಲ. ಆದರೂ ಮೋಸವೆಂಬ ದೋಷವನ್ನೂ ಚಟವೆಂಬ ದೋಷವನ್ನೂ ಬೇರೆ ಬೇರೆಯಾಗಿ ತೂಗಬೇಕೆಂಬ ವಿವೇಕ ಅದರಲ್ಲಿದೆ. ಶಕ್ತಿವರ್ಧಕ ಮದ್ದಿಗೆ ಶಿಕ್ಷೆ ಮಾತ್ರ ಕಠಿನವಾಗಿಯೇ ಇದೆ: ಮೊದಲ ಸಲ ಸಿಕ್ಕಿಬಿದ್ದರೆ 365 ದಿನ ಮೈದಾನದಿಂದ ಹೊರಗೆ, ಆಡುವ ಅರ್ಹತೆಯಲ್ಲಿ ಪೂರ್ತಿ ಒಂದು ಋತುವಿನ ನಷ್ಟ, ಎರಡನೆಯ ಸಲ ಸಿಕ್ಕರೆ ಉಳಿದ ಅರ್ಹತೆಯೆಲ್ಲವೂ ಹೋಯಿತು. ಪರೀಕ್ಷೆಗೆ ಬಾರದಿದ್ದರೂ ದೋಷ ಸಿದ್ಧವಾದಂತೆಯೇ. ವೈದ್ಯರ ಅಪ್ಪಣೆಯಿಂದ ಅಂಥ ಔಷಧವನ್ನು ಸೇವಿಸಲೇಬೇಕಾದವರು ಸರಿಯಾದ ದಾಖಲೆ ಕೊಟ್ಟರೆ ವಿನಾಯಿತಿಯುಂಟು.

ಇನ್ನು ಶಿಷ್ಯನು ಕೇಳಿದ ಪ್ರಶ್ನೆಗೆ ಬರೋಣ. ಅವನಿಗಿಂತ ಮೊದಲೇ ಈ ಪ್ರಶ್ನೆಯನ್ನು ಅಲ್ಲಿನ ವಿದ್ಯಾರ್ಥಿಗಳೇ ನ್ಯಾಯಾಲಯಕ್ಕೆ ಒಯ್ದಿದ್ದರು. ಎರಡು ರಾಜ್ಯಗಳ ಶ್ರೇಷ್ಠ ನ್ಯಾಯಾಲಯಗಳು ಮೂರು ತಿಂಗಳಿನೊಳಗೆ ಒಂದಕ್ಕೊಂದು ವಿರುದ್ಧವಾದ ಉತ್ತರ ಕೊಟ್ಟದ್ದು ವಿಶೇಷ.

ಮೊದಲನೆಯದು ಕೊಲರಾಡೊ ರಾಜ್ಯದ್ದು. ಅಲ್ಲಿನ ವಿಶ್ವವಿದ್ಯಾಲಯವು ಎನ್.ಸಿ.ಎ.ಎ.ಗಿಂತ ಮೊದಲೇ, 1984ರಲ್ಲಿ, ತನ್ನ ಕ್ರೀಡಾ ವಿದ್ಯಾರ್ಥಿಗಳಿಗೆ ತಾನೇ ಪರೀಕ್ಷೆಯನ್ನು ಗೊತ್ತುಮಾಡಿತ್ತು. ನಿಯಮಗಳು ಆಗಾಗ ಬದಲಾದವು; ಒಂದು ಕಾಲಕ್ಕೆ ಮೊದಲು ಕಣ್ಣಿನ ಚಲನೆಯನ್ನು ನೋಡಿ, ಸಂಶಯ ಬಂದರೆ ಮೂತ್ರವನ್ನು ಕೇಳುವ ಪದ್ಧತಿಯೂ ಇತ್ತು. ಡೆರ್ಡೈನ್ ಎಂಬ ಓಟಗಾರನೂ ಸಹಪಾಠಿಗಳೂ ಇದನ್ನು ಪ್ರಶ್ನಿಸಿದರು. ಅದು ಸರಕಾರಿ ವಿಶ್ವವಿದ್ಯಾಲಯವಾದುದರಿಂದ, ಪ್ರಜೆಯ ಮೈಯನ್ನು ಮನೆಯನ್ನು ಕಾರಣವಿಲ್ಲದೆ ಶೋಧಿಸಬಾರದೆಂಬ ಅಮೆರಿಕದ ಸಂವಿಧಾನದ ನಾಲ್ಕನೆಯ ತಿದ್ದುಪಡಿ ಅದಕ್ಕೆ ಅನ್ವಯಿಸಿತು. ವಿದ್ಯಾರ್ಥಿಗಳು ಸಹಿ ಮಾಡಿದ್ದಾರಲ್ಲ ಎಂಬುದು ವಿಶ್ವವಿದ್ಯಾಲಯದ ವಾದ. 1993ರ ನವೆಂಬರಿನಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸಹಿ ಮಾಡದಿದ್ದರೆ ಆಟವಿಲ್ಲ ಎಂದ ಮೇಲೆ ಆ ಸಮ್ಮತಿ ಸ್ವಇಚ್ಛೆಯದಲ್ಲ. ಸ್ವಇಚ್ಛೆಯದಲ್ಲದ ಸಮ್ಮತಿಯ ಮೇಲೆ ನಿಂತ ಪರೀಕ್ಷೆ ಸಂವಿಧಾನಕ್ಕೆ ಒಪ್ಪುವಂಥದಲ್ಲ ಎಂಬುದು ತೀರ್ಪಿನ ತಿರುಳು.

ಎರಡನೆಯದು ಕ್ಯಾಲಿಫೋರ್ನಿಯಾದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನೀರಿಗೆ ಜಿಗಿಯುವ ಕ್ರೀಡೆಯ ಸಿಮೋನ್ ಲವಾಂಟ್ ಎಂಬ ತರುಣಿ 1987ರಲ್ಲಿ ಎನ್.ಸಿ.ಎ.ಎ. ಪತ್ರಕ್ಕೆ ಸಹಿ ಮಾಡಲು ಒಪ್ಪದೆ ದಾವೆ ಹೂಡಿದಳು. ಆಕೆಯ ಓದು ಮುಗಿದ ಮೇಲೆ ಜೆನಿಫರ್ ಹಿಲ್ ಎಂಬ ಫುಟ್‌ಬಾಲ್ ಆಟಗಾರ್ತಿಯೂ ಬ್ಯಾರಿ ಮೆಕೀವರ್ ಎಂಬಾತನೂ ಅದನ್ನು ಮುಂದುವರಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವೇ ತನ್ನ ವಿದ್ಯಾರ್ಥಿಗಳ ಪಕ್ಷದಲ್ಲಿ ನಿಂತಿತು. ಸಂಸ್ಥೆಯೊಂದು ತನ್ನ ಮಕ್ಕಳ ಬೆನ್ನಿಗೆ ನಿಂತ ಈ ಸಂಗತಿಯನ್ನು ಆಡಳಿತ ಮಂಡಳಿಯವರು ಗಮನಿಸಬೇಕು. ಎನ್.ಸಿ.ಎ.ಎ. ಖಾಸಗಿ ಸಂಘವಾದ್ದರಿಂದ ನಾಲ್ಕನೆಯ ತಿದ್ದುಪಡಿ ಇಲ್ಲಿ ನೆರವಿಗೆ ಬರಲಿಲ್ಲ. ಆದರೆ ಕ್ಯಾಲಿಫೋರ್ನಿಯಾದ ಮತದಾರರು 1972ರಲ್ಲಿ ತಮ್ಮ ರಾಜ್ಯದ ಸಂವಿಧಾನಕ್ಕೆ ಖಾಸಗಿತನದ ಹಕ್ಕನ್ನು ಸೇರಿಸಿಕೊಂಡಿದ್ದರು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ವಿದ್ಯಾರ್ಥಿಗಳು ಗೆದ್ದರು. 1994ರ ಜನವರಿ 28ರಂದು ರಾಜ್ಯದ ಶ್ರೇಷ್ಠ ನ್ಯಾಯಾಲಯ ತೀರ್ಪನ್ನು ತಿರುಗಿಸಿತು. ಖಾಸಗಿತನದ ಹಕ್ಕು ಖಾಸಗಿ ಸಂಘಗಳ ವಿರುದ್ಧವೂ ಸಲ್ಲುತ್ತದೆಯೆಂಬ ಮಾತನ್ನು ಅದು ಒಪ್ಪಿತು. ಆ ಮಟ್ಟಿಗೆ ವಿದ್ಯಾರ್ಥಿಗಳಿಗೇ ಜಯ. ಆದರೆ ಮೈದಾನಕ್ಕೆ ಇಳಿದವನು ವೈದ್ಯರ ತಪಾಸಣೆಗೆ ಮೈಯೊಡ್ಡುತ್ತಾನೆ, ಎಲ್ಲರ ಎದುರಿಗೇ ಬಟ್ಟೆ ಬದಲಿಸುತ್ತಾನೆ. ಆದುದರಿಂದ ಅವನು ನಿರೀಕ್ಷಿಸುವ ಮರೆಯು ಇತರರದಕ್ಕಿಂತ ಕಡಮೆ. ಪರೀಕ್ಷೆಯ ವಿಷಯವನ್ನು ಮುಂಚಿತವಾಗಿ ತಿಳಿಸಿ ಸಮ್ಮತಿ ಪಡೆಯಲಾಗಿದೆ. ಪಂದ್ಯವು ನ್ಯಾಯವಾಗಿ ನಡೆಯಬೇಕು, ಆಟಗಾರರ ಆರೋಗ್ಯ ಉಳಿಯಬೇಕು ಎಂಬ ಸಂಘದ ಉದ್ದೇಶವೂ ತೂಕವುಳ್ಳದ್ದು. ಹೀಗೆ ಸಂಘ ಗೆದ್ದಿತು. ಭಿನ್ನಮತಗಳೂ ದಾಖಲಾದವು.

ಒಂದೇ ಬಗೆಯ ಸಹಿಯನ್ನು ಒಂದು ಪೀಠ ಬಲವಂತವೆಂದಿತು, ಇನ್ನೊಂದು ಸಮ್ಮತಿಯೆಂದಿತು. ಕಾನೂನಿನ ನೆಲೆಗಳು ಬೇರೆ ಎಂಬುದು ನಿಜ. ಆದರೂ ಶಬ್ದಾರ್ಥದ ವಿದ್ಯಾರ್ಥಿಯಾದ ನನಗೆ ಕೊಲರಾಡೊದವರ ವ್ಯಾಖ್ಯಾನವೇ ಸಮೀಪವೆನಿಸಿತು. ಮರು ವರ್ಷ ರಾಷ್ಟ್ರದ ಸರ್ವೋಚ್ಚ ನ್ಯಾಯಾಲಯದ ಮುಂದೆ ಇದಕ್ಕಿಂತ ಎಳೆಯನ ಕಥೆ ಬಂದಿತು. ಆರೆಗಾನ್ ರಾಜ್ಯದ ವರ್ನೋನಿಯಾ ಎಂಬ ಚಿಕ್ಕ ಊರಿನ ಶಾಲೆಯಲ್ಲಿ ಏಳನೆಯ ತರಗತಿಯ ಜೇಮ್ಸ್ ಆಕ್ಟನ್ ಎಂಬ ಹುಡುಗನು ಆಡಬೇಕೆಂದ. ತಂದೆತಾಯಿಗಳು ಮೂತ್ರಪರೀಕ್ಷೆಯ ಪತ್ರಕ್ಕೆ ಸಹಿ ಮಾಡಲಿಲ್ಲ. ಶಾಲೆ ಅವನನ್ನು ಆಡಿಸಲಿಲ್ಲ. 1995ರ ಜೂನ್ 26ರಂದು ಒಂಬತ್ತು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಶಾಲೆಯ ಪಕ್ಷವನ್ನು ಹಿಡಿದರು. ಶಾಲೆಯು ಮಕ್ಕಳ ಪಾಲಕನ ಸ್ಥಾನದಲ್ಲಿದೆಯೆಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಪಾಲಕನಿಗೆ ಶೋಧಿಸುವ ಅಧಿಕಾರವಿದೆಯೆಂದು ಇದರಿಂದ ತಿಳಿದುಕೊಂಡವರು ಹಲವರು. ಪಾಲಕನಿಗೆ ಕಲಿಸುವ ಹೊಣೆಯೂ ಉಂಟು ಎಂಬ ಅರ್ಥವೂ ಅದೇ ಪದದಲ್ಲಿ ಅಡಗಿದೆ.

ಕಲಿಸುವ ಮಾತನ್ನು ನಾನು ಒತ್ತಿ ಹೇಳುವುದೇಕೆಂದರೆ, ಸಿಕ್ಕಿಬೀಳುವವರೆಲ್ಲರೂ ಮೋಸಗಾರರಲ್ಲ. ದೇಹಪುಷ್ಟಿಯ ಪುಡಿ ಗುಳಿಗೆಗಳು ಅಮೆರಿಕದಲ್ಲಿ ಅಂಗಡಿ ಅಂಗಡಿಗಳಲ್ಲಿ ದೊರೆಯುತ್ತವೆ. 1994ರ ಒಂದು ಕಾಯಿದೆಯ ಪ್ರಕಾರ ಔಷಧಗಳಂತೆ ಅವನ್ನು ಮಾರುವ ಮೊದಲು ಸರಕಾರದ ಒಪ್ಪಿಗೆ ಪಡೆಯಬೇಕಾಗಿಲ್ಲ. ಡಬ್ಬಿಯ ಮೇಲೆ ಬರೆಯದ ವಸ್ತುಗಳು ಒಳಗಿರಬಹುದೆಂದು ಎನ್.ಸಿ.ಎ.ಎ.ಯೇ ವಿದ್ಯಾರ್ಥಿಗಳನ್ನು ಎಚ್ಚರಿಸುತ್ತದೆ. ಆದರೂ ನಿಯಮವು ಕಟುವಾದುದು: ಮೈಯೊಳಗೆ ಸೇರಿದುದಕ್ಕೆಲ್ಲ ಸೇವಿಸಿದವನೇ ಹೊಣೆ, ಗೊತ್ತಿರಲಿಲ್ಲವೆಂದರೆ ದೋಷವು ಕಳೆಯದು. ಲಿಂಗಕ್ಕೆ ಅರ್ಪಿಸದೆ ಏನನ್ನೂ ಬಾಯಿಗಿಡಬಾರದೆಂಬ ನೇಮದಲ್ಲಿ ಬೆಳೆದ ನಮ್ಮವರಿಗೆ ಉಣ್ಣುವ ಮುನ್ನ ನಿಂತು ನೋಡುವುದು ಹೊಸದೇನಲ್ಲ. ಆದರೆ ಮುಚ್ಚಿದ ಡಬ್ಬಿಯೊಳಗನ್ನು ಯಾವ ಕಣ್ಣು ನೋಡೀತು?

ಈ ಕಟುನಿಯಮದ ಪೆಟ್ಟು ನಮ್ಮ ನಾಡಿಗೂ ತಗುಲಿದೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿಯೂ ಏಷ್ಯನ್ ಕ್ರೀಡಾಕೂಟದಲ್ಲಿಯೂ ರಿಲೇ ಓಟದ ಸ್ವರ್ಣವನ್ನು ತಂದ ಭಾರತದ ಓಟಗಾರ್ತಿಯರಲ್ಲಿ ಕೆಲವರು 2011ರಲ್ಲಿ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ಉಡುಪಿ ಜಿಲ್ಲೆಯ ತರುಣಿಯೊಬ್ಬಳೂ ಇದ್ದಳು. ವಿದೇಶೀ ತರಬೇತುದಾರನು ತಂದುಕೊಟ್ಟ ಜಿನ್‌ಸೆಂಗ್ ಎಂಬ ಬೇರಿನ ಗುಳಿಗೆಯೇ ಕಾರಣವೆಂದು ಅವರು ಹೇಳಿದರು. ಇಲ್ಲಿನ ಮಂಡಳಿ ಒಂದು ವರ್ಷದ ನಿಷೇಧ ವಿಧಿಸಿತು. ಮೇಲಿನ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯಾದರೋ, ಗುರು ಕೊಟ್ಟನೆಂದು ಪರಿಶೀಲಿಸದೆ ನುಂಗಿದ್ದೂ ಅಲಕ್ಷ್ಯವೇ ಎಂಬ ನೆಲೆಯಲ್ಲಿ, 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಅವರು ಕಾಲೇಜಿನ ಮಕ್ಕಳಲ್ಲ, ದೇಶದ ಪ್ರತಿನಿಧಿಗಳು. ಆದರೂ ಅಧ್ಯಾಪಕನಾದ ನಾನು ಆ ತೀರ್ಪಿನ ಸಾರವನ್ನು ಕೇಳಿ ಒಂದು ಕ್ಷಣ ಸುಮ್ಮನೆ ಕುಳಿತೆ. ಗುರು ಕೈಯಾರೆ ಕೊಟ್ಟುದನ್ನು ಶಿಷ್ಯನು ಸಂಶಯಿಸಬೇಕು ಎನ್ನುವ ಕಾಲ ಬಂದಿದೆ. ಸಂಶಯಕ್ಕೆ ಎಡೆ ಮಾಡಿಕೊಟ್ಟವರು ಗುರುಗಳೇ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಭಾರತದಲ್ಲಿ ಕಾಲೇಜುಗಳಿಗೆಂದೇ ಬೇರೆ ಸಂಘದ ಪರೀಕ್ಷೆಯಿಲ್ಲ. 2005ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮದ್ದು ನಿಗ್ರಹ ಸಂಸ್ಥೆ ‘ನಾಡಾ’ ವಾಡಾದ ಸಂಹಿತೆಯನ್ನು ಅನುಸರಿಸಿ ಎಲ್ಲರನ್ನೂ ಪರೀಕ್ಷಿಸುತ್ತದೆ. 2022ರಲ್ಲಿ ಸಂಸತ್ತು ಇದಕ್ಕೊಂದು ಕಾಯಿದೆಯನ್ನೂ ಮಾಡಿತು. ಅದೇ ವರ್ಷ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದುದು ಹಲವರಿಗೆ ನೆನಪಿರಬಹುದು. ಇಂಥ ಕೂಟಗಳು ಈಗ ಪರೀಕ್ಷೆಗೆ ಒಳಪಟ್ಟಿವೆ. 2018ರಲ್ಲಿ ದೆಹಲಿಯಲ್ಲಿ ನಡೆದ ಶಾಲಾ ಕೂಟದಲ್ಲಿ ಹದಿನೇಳರೊಳಗಿನ ಮಕ್ಕಳಲ್ಲಿಯೂ ಕೆಲವರು ಸಿಕ್ಕಿಬಿದ್ದರು. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯ ಕ್ರೀಡಾಕೂಟಕ್ಕೆ ನಾಡಾ ಅಧಿಕಾರಿಗಳು ಬಂದರೆಂಬ ಸುದ್ದಿ ಹರಡಿದೊಡನೆ ಗಂಡಸರ ನೂರು ಮೀಟರ್ ಓಟದ ಅಂತಿಮ ಸುತ್ತಿಗೆ ಒಬ್ಬನೇ ಒಬ್ಬ ಓಟಗಾರ ಬಂದು ನಿಂತನೆಂದು ಪತ್ರಿಕೆಗಳಲ್ಲಿ ಬಂದಿತು. ಓಡುವುದೇ ಕಸುಬಾದವರು ಪಂದ್ಯದಿಂದಲೇ ಓಡಿಹೋದರು! ನಗಬೇಕೋ ಅಳಬೇಕೋ ತಿಳಿಯದು. ಇದರಲ್ಲಿ ನಮ್ಮವರೇ ಮೊದಲಿಗರೆಂದು ನಾಚಬೇಕಾಗಿಯೂ ಇಲ್ಲ. ಅದಕ್ಕೆ ಸರಿಯಾಗಿ ನಲವತ್ತು ವರ್ಷಗಳ ಹಿಂದೆ, 1983ರಲ್ಲಿ, ಕರಾಕಸ್ ನಗರದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಹೊಸ ಪರೀಕ್ಷಾಯಂತ್ರ ಬಂದಿದೆಯೆಂದು ತಿಳಿದಾಗ ಅಮೆರಿಕದ ಕ್ರೀಡಾಪಟುಗಳ ಗುಂಪೊಂದು ಪಂದ್ಯಕ್ಕೆ ಇಳಿಯದೆಯೇ ವಿಮಾನವನ್ನೇರಿ ಊರಿಗೆ ಮರಳಿತ್ತು.

ಮನೆಯ ಮಾತನ್ನು ಮುಚ್ಚಿಟ್ಟು ಪರಸ್ಥಳದ ಮಾತನ್ನೇ ಆಡುವುದು ಸರಿಯಲ್ಲ. ಕಳೆದ ವರ್ಷ ನಮ್ಮ ಪ್ರಸಾದನಿಲಯದಲ್ಲಿ ಕುಸ್ತಿಯ ಹುಡುಗನೊಬ್ಬನ ಟ್ರಂಕಿನಲ್ಲಿ ದೊಡ್ಡ ಡಬ್ಬಿಯ ಪುಡಿ ಸಿಕ್ಕಿತು. ಪೇಟೆಯ ವ್ಯಾಯಾಮಶಾಲೆಯಲ್ಲಿ ಯಾರೋ ಮಾರಿದ್ದರು. ತಂದೆ ಒಕ್ಕಲುತನದವರು, ಮಗನ ಪುಸ್ತಕಕ್ಕೆಂದು ಕೊಟ್ಟ ಹಣ ಅದಕ್ಕೆ ಹೋಗಿತ್ತು. ಅದರಲ್ಲಿ ಏನಿತ್ತೋ ಹುಡುಗನಿಗೂ ಗೊತ್ತಿಲ್ಲ, ನಮಗೂ ಗೊತ್ತಾಗಲಿಲ್ಲ. ನಾವು ಅದನ್ನು ಕಿತ್ತುಕೊಂಡೆವು, ಗದರಿದೆವು, ಮರೆತೆವು. ಕಿತ್ತುಕೊಳ್ಳುವ ಮೊದಲು ಅವನನ್ನು ಕೂರಿಸಿ ಇದೇನು, ಏಕೆ ಬೇಕಾಯಿತು ಎಂದು ಕೇಳಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ, ನಾನೂ ಕೂಡ. ಗರಡಿಮನೆಗಳ ಕಾಲದಲ್ಲಿ ಉಸ್ತಾದನು ಹುಡುಗನ ಹಾಲು ಬಾದಾಮಿಗಳ ಲೆಕ್ಕವನ್ನು ಬಲ್ಲವನಾಗಿದ್ದನು. ಈಗ ದಾನಿಗಳು ಉದಾರವಾಗಿ ಕಟ್ಟಿಸಿಕೊಟ್ಟ ಕ್ರೀಡಾಂಗಣ ನಮ್ಮಲ್ಲಿದೆ. ಹುಡುಗರು ಏನನ್ನು ತಿನ್ನುತ್ತಾರೆ ಎಂಬ ಲೆಕ್ಕ ಮಾತ್ರ ನಮ್ಮಲ್ಲಿ ಇಲ್ಲ. ದೈಹಿಕ ಶಿಕ್ಷಕರೊಡನೆ ವಿಜ್ಞಾನದ ಅಧ್ಯಾಪಕರೊಬ್ಬರನ್ನು ಕೂಡಿಸಿ, ವರ್ಷಕ್ಕೆ ನಾಲ್ಕು ದಿನವಾದರೂ ಈ ವಿಷಯವನ್ನು ಬೋಧಿಸುವ ಏರ್ಪಾಡಾಗಬೇಕೆಂದು ಆಡಳಿತ ಮಂಡಳಿಗೆ ಬರೆದು ಅರಿಕೆ ಮಾಡಿದ್ದೇನೆ.

ಶಿಷ್ಯನಿಗೆ ಕೊನೆಗೆ ನಾನು ಕೊಟ್ಟ ಉತ್ತರವನ್ನು ಹೇಳುತ್ತೇನೆ. “ನೋಡಪ್ಪಾ, ಒಪ್ಪು ಎಂಬ ಒಂದೇ ಧಾತುವಿನಿಂದ ಎರಡು ಶಬ್ದಗಳು ಹುಟ್ಟಿವೆ. ಬೇಡವೆಂದರೂ ನಷ್ಟವಿಲ್ಲದ ಕಡೆ ಹೂಂ ಎಂದರೆ ಅದು ಒಪ್ಪಿಗೆ. ನೀನು ಇದನ್ನು ಕೊಟ್ಟರೆ ನಾನು ಅದನ್ನು ಕೊಡುವೆನೆಂದರೆ ಅದು ಒಪ್ಪಂದ. ನಿನ್ನ ಕೈಯಲ್ಲಿರುವ ಕಾಗದ ಒಪ್ಪಂದದ್ದು. ಅದಕ್ಕೆ ಒಪ್ಪಿಗೆಯೆಂಬ ಹೆಸರಿಟ್ಟವರು ಶಬ್ದಕ್ಕೆ ಅನ್ಯಾಯ ಮಾಡಿದ್ದಾರೆ. ಒಪ್ಪಂದ ಕೆಟ್ಟದ್ದೆಂದಲ್ಲ. ಜತೆಯಲ್ಲಿ ಓಡುವ ಮಗು ಮದ್ದು ತಿಂದಿಲ್ಲವೆಂಬ ಭರವಸೆ ನಿನ್ನ ಮಗಳಿಗೂ ಅದರಿಂದಲೇ ದೊರೆಯುತ್ತದೆ. ಸಹಿ ಮಾಡು. ಆದರೆ ನೀನೇ ಮಾಡಿ ಕಳುಹಿಸಬೇಡ. ಅವಳನ್ನು ಕೂರಿಸಿಕೊಂಡು ಪ್ರತಿ ವಾಕ್ಯವನ್ನೂ ಅವಳಿಂದಲೇ ಓದಿಸು. ಅರ್ಥವಾಗದಲ್ಲಿ ನಿಲ್ಲಿಸಿ ಕಾಲೇಜಿನವರನ್ನು ಕೇಳಲಿ.” ನಮ್ಮ ಶರಣೆ ಅಕ್ಕಮ್ಮ ತನ್ನ ವಚನಗಳಲ್ಲಿ ಬಹುಪಾಲನ್ನು ವ್ರತದ ವಿಚಾರಕ್ಕೇ ಮೀಸಲಿಟ್ಟವಳು. ಅರಿತು ಹಿಡಿದದ್ದು ವ್ರತವಾಗುತ್ತದೆ, ಅರಿಯದೆ ಹೊತ್ತದ್ದು ಹೊರೆಯಾಗುತ್ತದೆ ಎಂಬಷ್ಟನ್ನು ಅವನಿಗೆ ಬಿಡಿಸಿ ಹೇಳಿದೆ.

ತಂದೆ ಮಗಳು ಎರಡು ಸಂಜೆ ಕುಳಿತು ಓದಿ ಸಹಿ ಮಾಡಿದರಂತೆ. ಓದುತ್ತಿರುವಾಗ ಆಕೆ ಎದ್ದು ಹೋಗಿ ಅಡಿಗೆಮನೆಯಿಂದ ಒಂದು ಪೊಟ್ಟಣವನ್ನು ತಂದಿಟ್ಟು, “ಅಪ್ಪಾ, ಇದರಲ್ಲಿ ಏನೇನಿದೆ?” ಎಂದು ಕೇಳಿದಳು. ನೆಗಡಿಗೆಂದು ಊರಿನಿಂದ ಅಜ್ಜಿ ಕಳುಹಿಸಿದ ಕಷಾಯದ ಪುಡಿ ಅದು. ಅವನಿಗೆ ಗೊತ್ತಿರಲಿಲ್ಲ. ಅಜ್ಜಿಗೆ ಫೋನು ಮಾಡಿದರು. ಕೊತ್ತಂಬರಿ, ಜೀರಿಗೆ, ಮೆಣಸು, ಒಣಶುಂಠಿ, ಅತಿಮಧುರ ಎಂದು ಹೇಳಿ, “ಇನ್ನೊಂದು ಬೇರು ಇದೆ, ಗ್ರಂದಿಗೆ ಅಂಗಡಿಯವನು ಕೊಡ್ತಾನೆ, ಹೆಸರು ನನಗೂ ಗೊತ್ತಿಲ್ಲ” ಎಂದರು. ಆ ಬೇರಿನ ತುಂಡೊಂದನ್ನು ತರಿಸಿಕೊಂಡು ಹೆಸರು ಹೇಳಬೇಕೆಂದು ಈಗ ನನ್ನನ್ನು ಕೇಳಿದ್ದಾರೆ. ನನ್ನ ನಿಘಂಟುಗಳಲ್ಲಿ ಹುಡುಕುತ್ತಿದ್ದೇನೆ; ಊರಿನ ಆಯುರ್ವೇದ ಪಂಡಿತರಿಗೂ ಒಂದು ತುಂಡು ಕೊಟ್ಟಿದ್ದೇನೆ. ಚಳಿಗಾಲದಲ್ಲಿ ಅವಳನ್ನು ಒಮ್ಮೆ ಪರೀಕ್ಷೆಗೆ ಕರೆದರಂತೆ; ಅಂಜಿಕೆಯಿಂದ ನೀರು ಕುಡಿದು ಕುಡಿದು ಮಾದರಿ ತೆಳುವಾಗಿ, ಮೂರು ಗಂಟೆ ಕಾಯಬೇಕಾಯಿತಂತೆ. ಪೊಟ್ಟಣವು ಇನ್ನೂ ಕಟ್ಟು ಬಿಚ್ಚದೆ ಅವರ ಅಡಿಗೆಮನೆಯ ಗೂಡಿನಲ್ಲಿಯೇ ಇದೆ.